ಸುತ್ತು ಹಾಕಿದ ಜಾಗ

ತಗ್‌ಬಾತೊ ಪ್ರಾಥಮಿಕ ಶಾಲೆಯಲ್ಲಿ ಕೆಲಸದ ಹಂಚಿಕೆಗೆ ಇದ್ದದ್ದು ಒಂದೇ ಕಾನೂನು. ತಂತಿ ಇರುವ ವಸ್ತು ಕೆಟ್ಟರೆ ನೆಸ್ತೋರ್ ಸರ್. ತಂತಿ ಇಲ್ಲದ ವಸ್ತು ಕೆಟ್ಟರೆ ಮಾಂಗ್ ಪಿಡ್ಯೋಂಗ್. ಈ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡಬೇಕೆಂದಿದ್ದರೆ ಅದನ್ನು ಟೈಪು ಮಾಡುವ ಕೆಲಸವೂ ನೆಸ್ತೋರ್‌ನ ತಲೆಗೇ ಬರುತ್ತಿತ್ತು.

ನೆಸ್ತೋರ್ ಹೆಸರಿಗೆ ಆರನೇ ತರಗತಿಯ ಮೇಷ್ಟ್ರು. ನಲವತ್ತೊಂದು ಮಕ್ಕಳು, ನಲವತ್ತು ಕುರ್ಚಿ. ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಯಾರೋ, "ನಿಮಗೆ ಕಂಪ್ಯೂಟರ್ ಬರುತ್ತಾ ಸರ್?" ಎಂದು ಕೇಳಿದ್ದರು. ಬರುತ್ತೆ ಎಂದುಬಿಟ್ಟ. ಆ ಒಂದು ಮಾತಿನ ಫಲವನ್ನು ಇವತ್ತಿಗೂ ಉಣ್ಣುತ್ತಿದ್ದಾನೆ. ಕಂಪ್ಯೂಟರ್ ಎಂಬ ಮಾತಿಗೆ ಶಾಲೆಯಲ್ಲಿ ಬಲು ದೊಡ್ಡ ಹೊಟ್ಟೆ. ಮಕ್ಕಳ ದಾಖಲಾತಿ ಅದರೊಳಗೆ, ಮೈಕು ಅದರೊಳಗೆ, ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಂಡ ಕಾಗದ ಅದರೊಳಗೆ. ಚಂಡಮಾರುತ ಬಂದರೆ ಫೇಸ್‌ಬುಕ್ಕಿನಲ್ಲಿ ರಜೆ ಸಾರಬೇಕು, ಊರಿನ ಹುಡುಗಿ ನರ್ಸ್ ಪರೀಕ್ಷೆ ಪಾಸಾದರೆ ಗೇಟಿಗೆ ಕಟ್ಟಲು ಬ್ಯಾನರ್ ಮಾಡಿಕೊಡಬೇಕು. ಸಹೋದ್ಯೋಗಿಯ ತಾಯಿ ತೀರಿಕೊಂಡರೆ ಶವಪೆಟ್ಟಿಗೆಯ ಪಕ್ಕ ಇಡುವ ಚಿತ್ರಕ್ಕೆ, ಆಕೆ ಜೀವಮಾನದಲ್ಲೇ ಉಡದ ಒಳ್ಳೆಯ ಉಡುಪು ತೊಡಿಸಿಕೊಡುವುದೂ ಅವನೇ. ಒಮ್ಮೆ ಸಂಗೀತದ ಮೇಡಂ ಮನೆಯ ಫ್ರಿಜ್ಜಿಗೂ ಅವನನ್ನು ಕರೆಸಿದ್ದರು. ತಂತಿ ಇತ್ತಲ್ಲ.

ಮಾಂಗ್ ಪಿಡ್ಯೋಂಗ್ ಶಾಲೆಯ ಜವಾನ. ಮಾಂಗ್ ಎಂದರೆ ಅಲ್ಲಿ ಹಿರಿಯ ಗಂಡಸರಿಗೆ ಕೊಡುವ ಮರ್ಯಾದೆ, ಹೆಂಗಸರಾದರೆ ಆಲಿಂಗ್. ಮೂವತ್ತೊಂದು ವರ್ಷದಿಂದ ಗುಡಿಸಿ, ಒರೆಸಿ, ಸುಣ್ಣ ಬಳಿದು, ಮುರಿದ ಬೆಂಚಿಗೆ ಮೊಳೆ ಹೊಡೆದು ಶಾಲೆಯನ್ನು ನಿಲ್ಲಿಸಿದ್ದವರು. ಕಾನೂನಿನ ಗಡಿಯಲ್ಲಿ ಬರುವ ವಸ್ತುಗಳು ಮಾತ್ರ ಇಬ್ಬರದೂ. ಫ್ಯಾನಿಗೆ ತಂತಿ ಇದೆ, ಆದರೆ ಏಣಿಗೆ ತಂತಿ ಇಲ್ಲ. ಹಾಗಾಗಿ ಫ್ಯಾನ್ ಕೆಟ್ಟಾಗಲೆಲ್ಲ ಒಬ್ಬ ಮೇಲೆ, ಒಬ್ಬರು ಕೆಳಗೆ. ಹನ್ನೊಂದು ವರ್ಷದ ಸ್ನೇಹ ಬೆಳೆದದ್ದು ಹೀಗೆ ಏಣಿಯ ಎರಡು ತುದಿಯಲ್ಲಿ.

ಆ ಗುರುವಾರ ಪ್ರಾಂಶುಪಾಲೆ ಫೆಲಿಸಿದಾದ್ ಮೇಡಂ ಅವನನ್ನು ಕರೆಸಿದರು.

"ನೆಸ್ತೋರ್ ಸರ್, ಸೋಮವಾರ ಧ್ವಜವಂದನೆ ಆದ್ಮೇಲೆ ಮಾಂಗ್ ಪಿಡ್ಯೋಂಗ್ ಅವರ ಬೀಳ್ಕೊಡುಗೆ. ಐದು ನಿಮಿಷದ ವಿಡಿಯೋ ಆಗ್ಬೇಕು. ಹಳೇ ಫೋಟೋ ಎಲ್ಲ ಸೇರ್ಸಿ, ಹಿಂದೆ ಒಂದು ಹಾಡು ಬಿಟ್ಟು. ಎಲ್ರೂ ಅಳ್ಬೇಕು."

"ಎಷ್ಟು ಅಳ್ಬೇಕು ಮೇಡಂ?"

"ಜಿಲ್ಲಾ ಮೇಲ್ವಿಚಾರಕಿ ಬರ್ತಿದಾರೆ. ಅವ್ರೂ ಅಳೋ ಅಷ್ಟು." ಮೇಡಂ ಕನ್ನಡಕದ ಮೇಲಿಂದ ನೋಡಿದರು. "ತಮಾಷೆ ಅಲ್ಲ ಸರ್. ಮೂವತ್ತೊಂದು ವರ್ಷ ದುಡಿದ ಮನುಷ್ಯ. ಇಡೀ ಶಾಲೆ ಕೊಡ್ತಿರೋದು ಅದೊಂದೇ ಮರ್ಯಾದೆ."

ನೆಸ್ತೋರ್ ಇದು ಎಡಗೈ ಕೆಲಸ ಎಂದುಕೊಂಡ. ಹನ್ನೊಂದು ವರ್ಷದ ಪ್ರತಿಯೊಂದು ಕಾರ್ಯಕ್ರಮದ ಫೋಟೋ ತೆಗೆದವನು ಅವನೇ. ಅದಕ್ಕೆ ಮೊದಲು ಶಾಲೆಗೆ ಕ್ಯಾಮೆರಾನೇ ಇರಲಿಲ್ಲ. ನಲವತ್ತು ಸಾವಿರ ಚಿತ್ರಗಳು, ಒಂದು ಹಾರ್ಡ್ ಡಿಸ್ಕ್. ಮಕ್ಕಳು ಆಟಕ್ಕೆ ಬಿಟ್ಟ ಹೊತ್ತಿನಲ್ಲಿ ಕಂಪ್ಯೂಟರ್ ಕೋಣೆಯಲ್ಲಿ ಕೂತು ತೆರೆದ.

ಆರನೇ ತರಗತಿ ಮುಗಿಸಿದವರ ಪದವಿ ಪ್ರದಾನ ನೋಡಿದ. ಮಾಂಗ್ ಪಿಡ್ಯೋಂಗ್ ಇಲ್ಲ. ಪೌಷ್ಟಿಕ ಆಹಾರದ ತಿಂಗಳು, ಭಾಷಾ ಮಾಸ, ಕ್ರಿಸ್‌ಮಸ್ ನೋಡಿದ. ಇಲ್ಲ. ಜೂನ್ ತಿಂಗಳಲ್ಲಿ ಊರೆಲ್ಲ ಸೇರಿ ಶಾಲೆ ತೊಳೆಯುತ್ತದೆ, ಅಲ್ಲಾದರೂ ಇರಲೇಬೇಕು. ಅಲ್ಲೂ ಇಲ್ಲ. ಪೋಷಕರೆಲ್ಲ ಪೊರಕೆ ಹಿಡಿದು ನಗುತ್ತಿದ್ದಾರೆ, ವರ್ಷವಿಡೀ ಪೊರಕೆ ಹಿಡಿದವರು ಮಾತ್ರ ಚಿತ್ರದಲ್ಲಿಲ್ಲ.

ಆಗ ಅವನಿಗೆ ನೆನಪಾಯಿತು. ನೆನಪಾದ ಕೂಡಲೇ ಕಿವಿ ಬಿಸಿಯಾಯಿತು.

ಅವನ ಮೊದಲನೇ ವರ್ಷ, ಅಂದಿನ ಪ್ರಾಂಶುಪಾಲರು ವರದಿಯ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಹೇಳಿದ್ದರು: "ಸರ್, ಚಿತ್ರ ಚೆನ್ನಾಗಿದೆ. ಆದ್ರೆ ಎಲ್ಲಾದ್ರಲ್ಲೂ ಹಿಂದೆ ಒಬ್ರು ಬಕೆಟ್ ಹಿಡ್ಕೊಂಡು ನಿಂತಿದಾರೆ. ವರದಿ ಮೇಲಿನೋರ ಕೈಗೆ ಹೋಗುತ್ತೆ. ಹಿನ್ನೆಲೆ ಶುಚಿಯಾಗಿರ್ಲಿ." ಹೊಸ ಮೇಷ್ಟ್ರು, ಹೊಸ ಹುರುಪು. ಅಂದೇ ಕಲಿತ. ಪಕ್ಕದ ಗೋಡೆಯಿಂದ ಒಂದಿಷ್ಟು ಗೋಡೆ ತೆಗೆದು ಮನುಷ್ಯನ ಮೇಲೆ ಬಳಿದರೆ ಮನುಷ್ಯ ಹೋಗುತ್ತಾನೆ, ಗೋಡೆ ಉಳಿಯುತ್ತದೆ. ಆಮೇಲೆ ಯಾರೂ ಹೇಳಬೇಕಾಗಿರಲಿಲ್ಲ, ಕೈಗೇ ಅಭ್ಯಾಸವಾಯಿತು. ಆ ಪ್ರಾಂಶುಪಾಲರು ಹೋಗಿ ಇನ್ನೊಬ್ಬರು ಬಂದರು, ಅವರೂ ಹೋಗಿ ಫೆಲಿಸಿದಾದ್ ಮೇಡಂ ಬಂದರು. ನೆಸ್ತೋರ್ ಮಾತ್ರ ಅಳಿಸುತ್ತಲೇ ಇದ್ದ. ಡಿಸ್ಕ್ ತುಂಬುತ್ತದೆಂದು ಮೂಲ ಚಿತ್ರಗಳನ್ನು ಅವತ್ತವತ್ತೇ ತೆಗೆದುಹಾಕಿದ್ದ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು.

ಈಗ ಮತ್ತೆ ನೋಡಿದರೆ ಕೆಲಸ ಅಷ್ಟೇನೂ ಅಚ್ಚುಕಟ್ಟಾಗಿರಲಿಲ್ಲ. ಒಂದು ಚಿತ್ರದಲ್ಲಿ ನೆಲ ಒರೆಸುವ ಕೋಲು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿತ್ತು. ಇನ್ನೊಂದರಲ್ಲಿ ಗೋಡೆಯ ಮೇಲೆ ನೆರಳಿತ್ತು, ನೆರಳಿನ ಒಡೆಯ ಇರಲಿಲ್ಲ. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅಳಿಸಿದವನ ಕಣ್ಣಿಗೆ ಬೇರೇನೂ ಕಾಣಲಿಲ್ಲ.

ಕೊನೆಗೆ ಒಂದು ಚಿತ್ರದ ಮುಂದೆ ಅವನ ಕೈ ನಿಂತೇಹೋಯಿತು. ಎರಡನೇ ಮಹಡಿಯ ಜಗಲಿಯಲ್ಲಿ ಸಾಲಾಗಿ ಇಟ್ಟ ಹನ್ನೆರಡು ಕಂಪ್ಯೂಟರ್.

ಆರು ವರ್ಷದ ಹಿಂದಿನ ಚಂಡಮಾರುತ. ನೆಸ್ತೋರ್ ನದಿಯ ಆಚೆ ದಡದಲ್ಲಿ ಹೆಂಡತಿಯ ತವರಿನಲ್ಲಿ ಸಿಕ್ಕಿಕೊಂಡಿದ್ದ. ಸೇತುವೆ ಮುಚ್ಚಿತ್ತು. ಮಕ್ಕಳಿಗೆಂದು ಆ ಹನ್ನೆರಡು ಕಂಪ್ಯೂಟರ್ ಬಂದು ನಾಲ್ಕು ತಿಂಗಳಾಗಿತ್ತು, ಪ್ರತಿಯೊಂದರ ಕಾಗದದ ಮೇಲೂ ಅವನದೇ ಸಹಿ. ಎರಡು ದಿನ ಅವನಿಗೆ ಅನ್ನ ಇಳಿಯಲಿಲ್ಲ. ಮೂರನೇ ದಿನ ಕೆಸರು ತುಳಿದುಕೊಂಡು ಶಾಲೆಗೆ ಬಂದರೆ, ಕೆಳಗಿನ ಕೋಣೆಯಲ್ಲಿ ಸೊಂಟದ ಮಟ್ಟದ ನೀರಿನ ಗುರುತು. ಮೇಲೆ ಜಗಲಿಯಲ್ಲಿ ಹನ್ನೆರಡೂ ಅಕ್ಕಿ ಚೀಲದಲ್ಲಿ ಸುತ್ತಿಸಿಕೊಂಡು ಒಣಗಿ ಕೂತಿದ್ದವು. ಪಕ್ಕದಲ್ಲಿ ಬರಿಮೈಯಲ್ಲಿ, ಒಂದು ಚಡ್ಡಿಯಲ್ಲಿ ಮಾಂಗ್ ಪಿಡ್ಯೋಂಗ್.

"ತಂತಿ ಇರೋದೆಲ್ಲ ನಿಮ್ದು ಅಂತ ನಂಗೊತ್ತು ಸರ್," ಎಂದಿದ್ದರು ಆಗ, ಕ್ಷಮೆ ಕೇಳುವವರಂತೆ. "ಆದ್ರೆ ನೀರಿಗೆ ಗೊತ್ತಿರ್ಲಿಲ್ಲ."

ನೆಸ್ತೋರ್ ಅವರನ್ನು ಅಪ್ಪಿಕೊಂಡು ಅತ್ತಿದ್ದ. ಆಮೇಲೆ ವರದಿಗೆಂದು ಒಂದು ಫೋಟೋ ತೆಗೆದಿದ್ದ. ಸಂಜೆ ಕೂತು, ಬರಿಮೈಯವರು ವರದಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅವರನ್ನು ಅಳಿಸಿ, ಕೆಳಗೆ "ಉಪಕರಣಗಳು ಸುರಕ್ಷಿತ" ಎಂದು ಬರೆದು ಕಳಿಸಿದ್ದ. ಅತ್ತವನೂ ಅವನೇ, ಅಳಿಸಿದವನೂ ಅವನೇ, ಒಂದೇ ದಿನದಲ್ಲಿ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನೆಸ್ತೋರ್‌ಗೆ.

ಆದರೆ ಅಳಿಸಲು ಬರುವವನಿಗೆ ಸೇರಿಸಲೂ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಗುರುತಿನ ಚೀಟಿಗೆ ಬೇಕು ಎಂದು ಸುಳ್ಳು ಹೇಳಿ ಮಾಂಗ್ ಪಿಡ್ಯೋಂಗರನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದ.

"ಕೆಲ್ಸ ಬಿಡೋ ಹೊತ್ಗೆ ಗುರುತಿನ ಚೀಟಿನಾ ಸರ್?" ಎಂದರು ಅವರು, ಕೂದಲಿಗೆ ನೀರು ಸವರಿಕೊಳ್ಳುತ್ತ.

"ನಿಯಮ, ಮಾಂಗ್. ಸ್ವಲ್ಪ ಬಲಕ್ಕೆ ತಿರುಗಿ. ಈಗ ಎಡಕ್ಕೆ. ಏನೋ ಎತ್ತಿಕೊಂಡಿರೋ ಹಾಗೆ ಕೈ ಮಾಡಿ."

"ಗುರುತಿನ ಚೀಟೀಲಿ ಎಂಥದು ಎತ್ಕೊಳ್ಳೋದು?" ಕೇಳಿದರು. ಆದರೂ ಎತ್ತಿಕೊಂಡರು. ಹೇಳಿದ್ದನ್ನು ಮಾಡುವುದು ಅವರ ಹುಟ್ಟುಗುಣ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ನೆಸ್ತೋರ್ ಬಾಗಿಲು ಹಾಕಿಕೊಂಡು ಅವರನ್ನು ಒಂದೊಂದೇ ಚಿತ್ರದಲ್ಲಿ ಅಂಟಿಸತೊಡಗಿದ. ಪದವಿ ಪ್ರದಾನದ ಮೂಲೆಯಲ್ಲಿ ಒಬ್ಬ ಮಾಂಗ್ ಪಿಡ್ಯೋಂಗ್, ಕ್ರಿಸ್‌ಮಸ್ ಮರದ ಪಕ್ಕ ಇನ್ನೊಬ್ಬ. ಕೆಲಸ ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಜಗಲಿಯ ಕಂಪ್ಯೂಟರುಗಳ ಪಕ್ಕ ಅವರನ್ನು ನಿಲ್ಲಿಸಿ ಕಾಲ ಬಳಿ ನೆರಳು ಬಿಡಿಸುತ್ತಿರುವಾಗ ಬೆನ್ನ ಹಿಂದೆ ಒದ್ದೆ ಬಟ್ಟೆ ಹಿಂಡಿದ ಸದ್ದು. ಬಾಗಿಲು ಹಾಕಿಕೊಂಡಿದ್ದ, ನಿಜ. ಶಾಲೆಯ ಎಲ್ಲ ಬೀಗದ ಕೈ ಯಾರ ಸೊಂಟದಲ್ಲಿ ಇರುತ್ತದೆ ಎಂಬುದನ್ನು ಮರೆತಿದ್ದ.

ಮಾಂಗ್ ಪಿಡ್ಯೋಂಗ್ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಆವತ್ತು ನಾನು ಅಂಗೀನೇ ಹಾಕಿರ್ಲಿಲ್ಲ ಸರ್. ಅದೂ ಈ ಅಂಗಿ ಹೋದ ತಿಂಗಳು ತಗೊಂಡಿದ್ದು."

ನೆಸ್ತೋರ್ ಮೌಸಿನಿಂದ ಕೈ ತೆಗೆದ.

"ಕೂದ್ಲೂ ಕರ್ರಗಿತ್ತು ಆವಾಗ," ಎಂದು ಸೇರಿಸಿದರು.

"ಮಾಂಗ್," ಎಂದ ನೆಸ್ತೋರ್. ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. "ನಿಮ್ ಫೋಟೋ ಒಂದೂ ಇಲ್ಲ ನನ್ ಹತ್ರ. ಎಲ್ಲಾದ್ರಿಂದಾನೂ ನಾನೇ ನಿಮ್ಮನ್ನ ಅಳಿಸಿದೀನಿ. ಹನ್ನೊಂದು ವರ್ಷ. ಹಿಂದೆ ಬಕೆಟ್ ಕಾಣುತ್ತೆ ಅಂತ. ನಿಮ್ಗೆ ಮುಖ ತೋರಿಸೋಕಾಗ್ದೆ ಈ ಸುಳ್ಳು ಕೆಲ್ಸಕ್ಕೆ ಕೈ ಹಾಕ್ದೆ."

"ಗೊತ್ತು," ಎಂದರು ಮಾಂಗ್ ಪಿಡ್ಯೋಂಗ್.

"ಏನ್ ಗೊತ್ತು?"

"ಅಳಿಸಿದ್ದು. ನೀವು ಪ್ರಿಂಟ್ ತೆಗೆದು ಕೊಟ್ಟಿದ್ದನ್ನ ನೋಟೀಸ್ ಬೋರ್ಡಿಗೆ ಹಚ್ಚೋದು ಯಾರು? ಬೋರ್ಡಿಗೆ ತಂತಿ ಇದ್ಯಾ?" ಅವರು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತರು. "ಮೊದಲ್ನೇ ಸಲ ಬೇಜಾರಾಯ್ತು ಸರ್, ಸುಳ್ಳು ಯಾಕೆ ಹೇಳ್ಲಿ. ಮೇಯರ್ ಬಂದಿದ್ರಲ್ಲ, ಆ ಫೋಟೋ. ಇವತ್ತು ಮೇಯರ್ ಹಿಂದೆ ನಿಂತಿದ್ದೆ ಅಂತ ಮನೇಲಿ ಹೇಳ್ಕೊಂಡಿದ್ದೆ. ಬೋರ್ಡಿಂದ ತೆಗೆದ್ಮೇಲೆ ಫೋಟೋ ಮನೆಗೆ ಒಯ್ದೆ. ಎಲ್ಲಿದೀರಿ ತೋರ್ಸಿ ಅಂದ್ಳು ನನ್ ಹೆಂಡ್ತಿ. ಹುಡ್ಕಿದ್ರೆ ನನ್ ಬಕೆಟ್ಟಿನ ಹಿಡಿ ಮಾತ್ರ ಇದೆ. ಇಲ್ಲಿದ್ದೆ ಕಣೇ ಅಂತ ಪೆನ್ನಲ್ಲಿ ಸುತ್ತು ಹಾಕಿ ತೋರಿಸ್ದೆ."

"ಆಮೇಲೆ?"

"ಆಮೇಲೆ ಅದೇ ಆಟ ಆಗೋಯ್ತು. ಬೋರ್ಡಿಂದ ತೆಗೆದ ಪ್ರತಿಯೊಂದು ಫೋಟೋನೂ ಮನೆಗೆ ಒಯ್ತೀನಿ. ಮೊಮ್ಮಕ್ಕಳು ಹುಡುಕ್ತಾರೆ, ಲೋಲೋ ಎಲ್ಲಿ, ತಾತ ಎಲ್ಲಿ ಅಂತ. ನೆರಳು ಸಿಕ್ಕಿದ್ರೆ ಒಂದು ಬಿಸ್ಕತ್ತು, ಕೋಲು ಸಿಕ್ಕಿದ್ರೆ ಎರಡು. ನೀವು ಬರ್ತಾ ಬರ್ತಾ ಜಾಣರಾಗ್ಬಿಟ್ರಿ, ಬಿಸ್ಕತ್ತಿನ ಖರ್ಚು ಕಮ್ಮಿ ಆಯ್ತು." ಅವರು ನಕ್ಕರು. ನಗುತ್ತಿದ್ದ ಮುಖ ಆಮೇಲೆ ಮೆತ್ತಗಾಯಿತು. "ಈ ಅಂಟಿಸೋದು ಬೇಡ ಸರ್. ಈಗ ಹೊಸದಾಗಿ ಅಲ್ಲಿ ನಿಲ್ಸಿದ್ರೆ, ಆವಾಗ ನಾನು ಅಲ್ಲಿ ಇರ್ಲೇ ಇಲ್ಲ ಅಂತ ಆಗುತ್ತೆ. ನಾನು ಇದ್ದೆ."

ಶಾಲೆ ಬಿಟ್ಟ ಮೇಲೆ ನೆಸ್ತೋರ್ ಅವರ ಹಿಂದೆಯೇ ಮನೆಗೆ ಹೋದ. ಹೊಸ್ತಿಲಲ್ಲಿ ಅವರ ಹೆಂಡತಿ ಆಲಿಂಗ್ ಲೂಮಿಂಗ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಬನ್ನಿ ಬನ್ನಿ. ನನ್ ಗಂಡನ್ನ ಮಾಯ ಮಾಡೋ ಮಂತ್ರವಾದಿ ನೀವೇನಾ?"

"ತಪ್ಪಾಯ್ತು ಆಲಿಂಗ್ ಲೂಮಿಂಗ್."

"ತಪ್ಪು ಒಪ್ಪು ಆಮೇಲೆ. ಇವ್ರು ರಾತ್ರಿ ಗೊರಕೆ ಹೊಡೀತಾರೆ, ಅದನ್ನ ಅಳ್ಸೋಕೆ ಏನಾದ್ರೂ ಇದ್ಯಾ ನಿಮ್ ಕಂಪ್ಯೂಟರಲ್ಲಿ?"

ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಸುಮನ್ ಎಂಬ ಅಕ್ಕಿ ಕಡುಬು ಅವನ ಮುಂದೆ ಬಂತು, ಜೊತೆಗೆ ಹೆಚ್ಚಿದ ಮಾವಿನ ಹಣ್ಣು. ತಿನ್ನದೆ ಎದ್ದರೆ ಆಲಿಂಗ್ ಲೂಮಿಂಗ್ ಬಿಡುವವರಲ್ಲ. ಆಮೇಲೆ ಮಂಚದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ಹೊರಬಂತು.

ಒಳಗೆ ನೂರಾರು ಫೋಟೋ. ಬಿಸಿಲಿಗೆ ಬಣ್ಣ ಮಾಸಿದವು, ಮೂಲೆಯಲ್ಲಿ ಪಿನ್ನಿನ ತೂತು ಇದ್ದವು. ಒಂದೊಂದರ ಮೇಲೂ ನೀಲಿ ಪೆನ್ನಿನ ಒಂದೊಂದು ಸುತ್ತು. ಸುತ್ತಿನೊಳಗೆ ಖಾಲಿ ಗೋಡೆ, ಖಾಲಿ ನೆಲ, ಖಾಲಿ ಮೆಟ್ಟಿಲು; ಅಲ್ಲೊಂದು ಇಲ್ಲೊಂದು ನೆರಳು, ಕೋಲು. ನೆಸ್ತೋರ್ ಗೋಡೆಯಿಂದ ಗೋಡೆ ತೆಗೆದು ಬಳಿದ ಪ್ರತಿಯೊಂದು ಜಾಗವನ್ನೂ ಈ ಮನುಷ್ಯ ತಪ್ಪದೆ ಗುರುತಿಸಿ ಇಟ್ಟಿದ್ದರು. ಬೈಯಲಿಲ್ಲ, ಯಾರಿಗೂ ದೂರು ಹೇಳಲಿಲ್ಲ. ಬೋರ್ಡಿಗೆ ಪಿನ್ನು ಚುಚ್ಚಿ, ತಿಂಗಳ ಮೇಲೆ ಪಿನ್ನು ಕಿತ್ತು, ಮನೆಗೆ ತಂದು ಸುತ್ತು ಹಾಕಿದರು. ಮಾರನೇ ದಿನ ಬಂದು ಏಣಿ ಹಿಡಿದರು.

"ಇದನ್ನೇ ತೋರಿಸ್ಲಾ ಮಾಂಗ್? ಸೋಮವಾರ, ಎಲ್ರ ಮುಂದೆ? ಹೀಗೇ?"

ಮಾಂಗ್ ಪಿಡ್ಯೋಂಗ್ ಹೆಂಡತಿಯ ಮುಖ ನೋಡಿದರು.

"ತೋರ್ಸಿ," ಎಂದರು ಆಲಿಂಗ್ ಲೂಮಿಂಗ್. "ಆದ್ರೆ ಬಿಸ್ಕತ್ತು ನೀವೇ ತರ್ಬೇಕು."

ಸೋಮವಾರ ಬೆಳಿಗ್ಗೆ ಧ್ವಜವಂದನೆ ಮುಗಿಯುವ ಹೊತ್ತಿಗೆ ನೆಸ್ತೋರ್ ನಾಲ್ಕು ಕಡೆ ಬೆವರುತ್ತಿದ್ದ. ಪ್ರೊಜೆಕ್ಟರು ಒಂದು ಕಡೆ, ಮೈಕು ಇನ್ನೊಂದು ಕಡೆ. ಮೇಲ್ವಿಚಾರಕಿಯ ಫೋನಿಗೆ ವೈಫೈ ಬೇಕಂತೆ. ಫೆಲಿಸಿದಾದ್ ಮೇಡಂ ಅವರ ಭಾಷಣದ ಎರಡನೇ ಹಾಳೆ ಪ್ರಿಂಟೇ ಆಗಿಲ್ಲವಂತೆ. ಆ ಗಡಿಬಿಡಿಯಲ್ಲೇ ಮಾಂಗ್ ಪಿಡ್ಯೋಂಗ್ ಬಂದು ಅವನ ಕೈಗೆ ಒಂದು ಫೋಟೋ ಇಟ್ಟರು. ಅವತ್ತು ಅವರು ಸಮಾರಂಭಕ್ಕೆ ತೊಡುವ ಬಿಳಿ ಬಾರೋಂಗ್ ಅಂಗಿ ತೊಟ್ಟಿದ್ದರು, ಅದರ ಕತ್ತು ತುಸು ಬಿಗಿಯಾಗಿತ್ತು.

"ಇದನ್ನ ಡಬ್ಬದಲ್ಲಿ ಇಟ್ಟಿರ್ಲಿಲ್ಲ ಸರ್. ಕೊನೇಗೆ ಹಾಕಿ."

ನೆಸ್ತೋರ್ ಅದನ್ನು ಫೋನಿನಲ್ಲಿ ಸೆರೆಹಿಡಿದು ಉಳಿದವುಗಳ ಹಿಂದೆ ಸೇರಿಸಿದ. ಯಾವುದೋ ಹಳೆಯ ಸಮಾರಂಭದ ವೇದಿಕೆ. ಅದರ ಮೇಲೆ ಒಂದರ ಬದಲು ಎರಡು ಸುತ್ತು ಇದ್ದವು. ಯಾಕೆ ಎಂದು ಕೇಳಲು ಪುರುಸೊತ್ತಿರಲಿಲ್ಲ.

ಮೊದಲ ಚಿತ್ರ ಪರದೆಯ ಮೇಲೆ ಬಂದ ಕೂಡಲೇ ಫೆಲಿಸಿದಾದ್ ಮೇಡಂ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು. "ಸರ್, ಇದ್ರಲ್ಲಿ ಅವ್ರೇ ಇಲ್ವಲ್ರೀ!"

ನೆಸ್ತೋರ್ ಮೈಕು ಕೈಗೆತ್ತಿಕೊಂಡ.

"ಮಕ್ಕಳೇ, ಈ ಫೋಟೋಗಳೆಲ್ಲ ನಾನೇ ತೆಗೆದಿದ್ದು. ಎಲ್ಲಾದ್ರಲ್ಲೂ ಮಾಂಗ್ ಪಿಡ್ಯೋಂಗ್ ಇದ್ರು. ಚಿತ್ರ ಚೆನ್ನಾಗಿ ಕಾಣ್ಲಿ ಅಂತ ನಾನು ಅವ್ರನ್ನ ಅಳಿಸ್ಬಿಟ್ಟೆ. ಅದು ತಪ್ಪು. ಈಗ ನೀವು ಆ ನೀಲಿ ಸುತ್ತಿನೊಳಗೆ ಅವ್ರನ್ನ ಹುಡುಕಿ ಕೊಡ್ಬೇಕು."

ಮಕ್ಕಳು ಪರದೆಯತ್ತ ಕತ್ತು ಚಾಚಿದರು. ಆಮೇಲೆ ಮೊದಲನೇ ತರಗತಿಯ ಸಾಲಿನಿಂದ ಒಂದು ಚಿಕ್ಕ ದನಿ, "ಅಲ್ಲಿ! ಕೋಲು!" ಎಂದು ಕೂಗಿತು. ಅಷ್ಟೇ ಸಾಕಾಯಿತು. ಎರಡನೇ ಚಿತ್ರಕ್ಕೆ ಇಪ್ಪತ್ತು ದನಿ, ಐದನೆಯದಕ್ಕೆ ಇಡೀ ಶಾಲೆ. "ನೆರಳು! ನೆರಳು!" "ಬಕೆಟ್!" "ಏಣಿ ಮೇಲೆ ಕಾಲು ಇದೆ ಸರ್!" ಮೇಲ್ವಿಚಾರಕಿ ಕುರ್ಚಿಯಿಂದ ಎದ್ದೇ ನಿಂತು ಬೆರಳು ತೋರಿಸತೊಡಗಿದರು. ಅಳುವ ಕಾರ್ಯಕ್ರಮ ಹೋಗಿ ಜಾತ್ರೆಯ ಗದ್ದಲವಾಯಿತು. ಆಲಿಂಗ್ ಲೂಮಿಂಗ್ ಮಾತ್ರ ಮುಂದಿನ ಸಾಲಿನಲ್ಲಿ ಕೂತು, ಮಕ್ಕಳು ಒಂದೊಂದು ಕಂಡುಹಿಡಿದಾಗಲೂ "ಹೂಂ, ಹೂಂ" ಎಂದು ತಲೆಯಾಡಿಸುತ್ತ ಸೆರಗಂಚಿನಂತೆ ಹೆಗಲ ಮೇಲಿದ್ದ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹನ್ನೆರಡು ಕಂಪ್ಯೂಟರುಗಳ ಚಿತ್ರ ಬಂತು. ಸುತ್ತು ಇದ್ದದ್ದು ಜಗಲಿಯ ನೆಲದ ಮೇಲೆ, ಎರಡು ಒದ್ದೆ ಪಾದದ ಗುರುತಿನ ಸುತ್ತ. ನೆಸ್ತೋರ್ ಅವತ್ತಿನ ಕಥೆ ಹೇಳಿದ. "ನೀವೆಲ್ಲ ಟೈಪ್ ಮಾಡೋಕೆ ಕಲಿತಿದ್ದು ಈ ಹನ್ನೆರಡರಲ್ಲೇ. ನನ್ನ ಕೆಲ್ಸ ಉಳಿದಿದ್ದೂ ಇವುಗಳಿಂದಾನೇ. ಇದನ್ನ ಹೊತ್ತು ಮೇಲೆ ತಂದೋರು ಅವ್ರು," ಎಂದ. ನಗು ನಿಂತು ಚಪ್ಪಾಳೆ ಶುರುವಾಯಿತು. ಅದು ಬಹಳ ಹೊತ್ತು ನಡೆಯಿತು.

ಕೊನೆಯ ಚಿತ್ರ. ವೇದಿಕೆಯ ಮೇಲೆ ಹಳೆಯ ಪ್ರಾಂಶುಪಾಲರು ಭಾಷಣ ಮಾಡುತ್ತಿದ್ದಾರೆ. ಅವರ ಹಿಂದೆ ಇಳಿಬಿಟ್ಟ ಬಟ್ಟೆಯ ಪರದೆಯ ಅಂಚಿನಲ್ಲಿ ಒಂದು ಸುತ್ತು. ಅಲ್ಲಿ ಮುರಿದ ಕಂಬವನ್ನು ಹಿಡಿದಿದ್ದ ನಾಲ್ಕು ಬೆರಳು ಉಳಿದುಬಿಟ್ಟಿದ್ದವು. ಮಕ್ಕಳು ಅದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಕಂಡುಹಿಡಿದರು. ಇನ್ನೊಂದು ಸುತ್ತು ಇದ್ದದ್ದು ಮೇಜಿನ ಕೆಳಗೆ. ಅಲ್ಲಿ ಬಟ್ಟೆಯ ನೆರಿಗೆ ಬಿಟ್ಟರೆ ಏನೂ ಇರಲಿಲ್ಲ. ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಕೋಲಿಲ್ಲ, ನೆರಳಿಲ್ಲ.

"ಇಲ್ಲಿ ಯಾರೂ ಇಲ್ಲ ಸರ್," ಎಂದಳು ಒಬ್ಬಳು.

ಮಾಂಗ್ ಪಿಡ್ಯೋಂಗ್ ಕುರ್ಚಿಯಿಂದ ಎದ್ದರು. ವೇದಿಕೆಯ ಮೇಲಿನ ಮಾತು ಅವರಿಗೆ ಅಭ್ಯಾಸವಿಲ್ಲ. ಪರದೆಯ ಹತ್ತಿರ ಹೋಗಿ, ಎರಡನೇ ಸುತ್ತಿನ ಮೇಲೆ ಬೆರಳಿಟ್ಟರು.

"ಇಲ್ಲಿ ನೆಸ್ತೋರ್ ಸರ್ ಇದ್ರು. ಅವತ್ತು ಮೈಕಿನ ತಂತಿ ಕಿತ್ತು ಬಂದಿತ್ತು. ಕೈ ಬಿಟ್ರೆ ಸದ್ದು ನಿಂತೋಗ್ತಿತ್ತು. ಒಂದು ಗಂಟೆ ಭಾಷಣ. ಒಂದು ಗಂಟೇನೂ ಮೇಜಿನ ಕೆಳಗೆ ಬಗ್ಗಿ ಹಿಡ್ಕೊಂಡೇ ಇದ್ರು. ಕಾಲು ಮಾತ್ರ ಹೊರಗೆ ಕಾಣ್ತಿತ್ತು." ಅವರು ನೆಸ್ತೋರ್ ಕಡೆ ತಿರುಗಿದರು. "ಈ ಫೋಟೋ ಮಾತ್ರ ಬೇರೆ ಯಾರೋ ಟೀಚರ್ ತೆಗೆದಿದ್ದು. ಆಮೇಲೆ ಸರ್ ತಮ್ಮನ್ನೂ ಅಳಿಸ್ಕೊಂಡ್ರು. ನಾನು ನೋಡ್ದೆ, ಅಯ್ಯೋ ಇವ್ರನ್ನೂ ಬಿಡ್ಲಿಲ್ವಲ್ಲಪ್ಪ ಅಂತ. ಅದಕ್ಕೆ ಸುತ್ತು ಹಾಕಿಟ್ಟೆ. ಯಾರಾದ್ರೂ ಕೇಳಿದ್ರೆ ಹೇಳೋಕಿರ್ಲಿ ಅಂತ."

ನೆಸ್ತೋರ್‌ಗೆ ಆ ದಿನ ಮರೆತೇಹೋಗಿತ್ತು. ಬೆನ್ನು ಮೂರು ದಿನ ನೋಯುತ್ತಿದ್ದದ್ದು ಈಗ ನೆನಪಾಯಿತು. ಹನ್ನೊಂದು ವರ್ಷದಲ್ಲಿ ತಾನು ಎಲ್ಲೆಲ್ಲಿ ಬಗ್ಗಿದ್ದೆ, ಏನೇನು ಹಿಡಿದಿದ್ದೆ ಎಂಬುದು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಕೆಲವನ್ನಂತೂ ತಾನೇ ಮರೆತಿದ್ದ. ಒಬ್ಬರು ನೋಡಿದ್ದರು, ನೋಡಿ ನೆನಪಿಟ್ಟುಕೊಂಡಿದ್ದರು. ಮೈಕನ್ನು ಬಾಯಿಯ ಹತ್ತಿರ ತಂದ, ಸಲಾಮತ್ ಮಾಂಗ್ ಎಂದು ಕೃತಜ್ಞತೆ ಹೇಳಬೇಕಿತ್ತು. ದನಿಯೇ ಹೊರಡಲಿಲ್ಲ.

ಹಿಂದಿನ ಸಾಲಿನ ಮಕ್ಕಳು ಕೂಗತೊಡಗಿದರು, "ಕೇಳ್ತಿಲ್ಲ ಸರ್! ಮೈಕ್ ಕೆಟ್ಟಿದೆ ಸರ್!"

"ಮೈಕ್ ಚೆನ್ನಾಗೇ ಇದೆ ಮಕ್ಳಾ," ಎಂದರು ಮಾಂಗ್ ಪಿಡ್ಯೋಂಗ್. "ಸ್ವಲ್ಪ ಹೊತ್ತು ಸುಮ್ನಿರಿ."